ಆರು ತಿಂಗಳು ರಜೆ ಹಾಕಿ ವಾಪಸ್ ಕೆಲಸಕ್ಕೆ ಹೋದವರು ಇದ್ದೀರಾ? ಅನುಭವ ಹೇಳಿ

ಟೆಸ್ಟಿಂಗ್‌ನವನು:
ಎಲ್ಲರಿಗೂ ನಮಸ್ಕಾರ. ನನಗೆ 37. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, 13 ವರ್ಷ ಆಯಿತು. ಮೊದಲು ಎರಡು ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸ ಈಗ ಇಡೀ ದಿನ ಹಿಡಿಯುತ್ತಿದೆ. ರಾತ್ರಿ ಮೂರಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಆಫೀಸಿನಲ್ಲಿ ಸಂಬಳ ಇಲ್ಲದ ರಜೆ ಆರು ತಿಂಗಳವರೆಗೂ ಕೊಡುತ್ತಾರೆ. ಮನೆ ಸಾಲದ ಕಂತು 38,000. ಹೆಂಡತಿ ಕೆಲಸದಲ್ಲಿದ್ದಾಳೆ. ರಜೆ ಹಾಕಲಾ, ರಾಜೀನಾಮೆ ಕೊಡಲಾ? ವಾಪಸ್ ಹೋದ ಮೇಲೆ ಕೆಲಸ ನಿಜವಾಗಿಯೂ ಸುಧಾರಿಸುತ್ತಾ?

ರಾತ್ರಿಪಾಳಿ:
ರಾಜೀನಾಮೆ ಮಾತ್ರ ಬೇಡ. ನಾನು ಕೊಟ್ಟು ಅನುಭವಿಸಿದ್ದೇನೆ. 2022ರ ಮಾರ್ಚ್‌ನಲ್ಲಿ ಬಿಟ್ಟೆ. ಆಗ ನನಗೆ 4 ವರ್ಷ 5 ತಿಂಗಳು ಸರ್ವಿಸ್. ಐದು ತುಂಬಿಸಿದ್ದರೆ ಗ್ರ್ಯಾಚುಯಿಟಿ, ಅಂದರೆ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಬರುತ್ತಿತ್ತು. ತಿಂಗಳ ಬೇಸಿಕ್ ಸಂಬಳ 52,000. ತಿಂಗಳಿಗೆ 26 ದಿನದ ಲೆಕ್ಕದಲ್ಲಿ ಒಂದು ವರ್ಷದ ಸರ್ವಿಸ್‌ಗೆ 15 ದಿನದ ಸಂಬಳ, ಅಂದರೆ 30,000, ಐದು ವರ್ಷಕ್ಕೆ ಒಂದೂವರೆ ಲಕ್ಷ. ಏಳು ತಿಂಗಳು ತಡೆದುಕೊಳ್ಳಲಿಲ್ಲ, ಅಷ್ಟೂ ಹೋಯಿತು.

ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಆಫೀಸಿನ ಆರೋಗ್ಯ ವಿಮೆ ಕೊನೆಯ ದಿನವೇ ನಿಂತಿತು. ಒಂದು ತಿಂಗಳು ಬಿಟ್ಟು ಸ್ವಂತದ್ದು ಮಾಡಿಸಿದೆ. ಐದನೇ ತಿಂಗಳು ಹೊಟ್ಟೆನೋವು. ಪಿತ್ತಕೋಶದಲ್ಲಿ ಕಲ್ಲು. ಹೊಸ ಪಾಲಿಸಿಯಲ್ಲಿ ಕಲ್ಲಿನ ಆಪರೇಷನ್‌ಗೆ ಎರಡು ವರ್ಷ ಕಾಯಬೇಕು ಎಂದರು. ಬಿಲ್ಲು 1,38,460. ಸ್ಕ್ಯಾನಿಂಗ್ ಬೇರೆ, ರಕ್ತ ಪರೀಕ್ಷೆ ಬೇರೆ, ಡಿಸ್ಚಾರ್ಜ್ ಆದ ಮೇಲಿನ ಮಾತ್ರೆ ಬೇರೆ. ಬಿಡುವ ಮೊದಲೇ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಂಡಿದ್ದರೆ ಹಳೆಯ ವರ್ಷಗಳು ಲೆಕ್ಕಕ್ಕೆ ಬರುತ್ತಿದ್ದವು. ನನಗೆ ಯಾರೂ ಹೇಳಲಿಲ್ಲ.

ವಿಶ್ರಾಂತಿ ಸಿಕ್ಕಿತಾ ಅಂದರೆ ಇಲ್ಲ. ದಿನಾ ಬೆಳಿಗ್ಗೆ ಎದ್ದು ಬ್ಯಾಂಕಿನ ಆ್ಯಪ್ ತೆಗೆದು ಬಾಕಿ ನೋಡುತ್ತಿದ್ದೆ. ಏಳನೇ ತಿಂಗಳು ಮೊದಲಿಗಿಂತ 20% ಕಡಿಮೆ ಸಂಬಳಕ್ಕೆ ಸೇರಿಕೊಂಡೆ.

ಶಿರಸಿ ಮಾಣಿ:
ನನ್ನದು ಪೂರ್ತಿ ಉಲ್ಟಾ. ಸಂಬಳ ಇಲ್ಲದ ರಜೆ ಎಂಟು ತಿಂಗಳು, ಊರಿಗೆ ಹೋದೆ. ಎರಡು ಎಕರೆ ಅಡಿಕೆ ತೋಟ. ಫೋನ್ ಬೀರುವಿನಲ್ಲಿಟ್ಟೆ, ಸಂಜೆ ಅರ್ಧ ಗಂಟೆ ಮಾತ್ರ ಹೊರಗೆ. ಮೊದಲ ತಿಂಗಳು ಮಲಗಿದ್ದೇ ಮಲಗಿದ್ದು. ಎರಡನೇ ತಿಂಗಳು ಸಿಟ್ಟು, ಯಾರ ಮೇಲೆ ಅಂತ ಗೊತ್ತಿಲ್ಲ. ಮೂರನೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಏಳಕ್ಕೆ ಎದ್ದಾಗ ರಾತ್ರಿ ಎಚ್ಚರ ಆಗಲೇ ಇಲ್ಲ ಅಂತ ಹೊಳೆಯಿತು. ಆ ದಿನ ಇನ್ನೂ ನೆನಪಿದೆ.

ಖರ್ಚು ಹೇಳುತ್ತೇನೆ. ಆ ವರ್ಷ ಮಳೆ ಬೇಗ ಹಿಡಿಯಿತು, ಅಡಿಕೆಗೆ ಕೊಳೆ ರೋಗ ಬಾರದಂತೆ ಹೊಡೆಯುವ ಮೊದಲ ಮದ್ದು ತಡವಾಯಿತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗಲಿಲ್ಲ, ಸಿಕ್ಕವರಿಗೆ ದಿನಕ್ಕೆ 1,500. ಮೈಲುತುತ್ತು, ಸುಣ್ಣ, ಪಂಪಿನ ಪೆಟ್ರೋಲು ಎಲ್ಲಾ ಸೇರಿ 31,000 ಹೋಯಿತು. ಆದರೂ ಕೊಳೆ ಬಂತು, ಕಾಲು ಭಾಗ ಕಾಯಿ ಉದುರಿತು. ದುಡ್ಡಿನ ಲೆಕ್ಕದಲ್ಲಿ ನಷ್ಟವೇ. ಆದರೆ ವಾಪಸ್ ಹೋದ ಮೇಲೆ ಮೊದಲ ಆರು ತಿಂಗಳು ಮಾಡಿದಷ್ಟು ಒಳ್ಳೆಯ ಕೆಲಸ ನಾನು ಅದಕ್ಕೂ ಹಿಂದಿನ ನಾಲ್ಕು ವರ್ಷದಲ್ಲಿ ಮಾಡಿರಲಿಲ್ಲ. ಮೀಟಿಂಗಿನಲ್ಲಿ ಕೇಳಿದ ಮಾತು ತಲೆಯಲ್ಲಿ ನಿಲ್ಲುತ್ತಿತ್ತು. ಎಲ್ಲರೂ ಒಮ್ಮೆ ಹೀಗೆ ಬಿಟ್ಟು ಹೋಗಲೇಬೇಕು.

ಎರಡು ಮಕ್ಕಳ ತಾಯಿ:
"ಎಲ್ಲರೂ" ಅಂದಿರಲ್ಲ ಮಾಣಿ, ಎಲ್ಲರಿಗೂ ಆಗಲ್ಲ. ಮೊದಲ ತಿಂಗಳು ಮಲಗಿದ್ದೆ ಅಂದಿರಿ. ನಿಮಗೆ ಊಟ ಬಡಿಸಿದವರು ಯಾರು?

ನಾನೂ ಆರು ತಿಂಗಳು ರಜೆ ಹಾಕಿದ್ದೆ. ಬ್ಯಾಂಕಿನಲ್ಲಿ 11 ವರ್ಷ ಕೆಲಸ ಮಾಡಿ, ಕೌಂಟರಿನಲ್ಲಿ ಕೂತರೆ ಕೈ ನಡುಗುವ ಹಾಗಾಗಿತ್ತು. ರಜೆ ಮಂಜೂರಾಯಿತು ಅಂತ ಮನೆಯಲ್ಲಿ ಹೇಳಿದ ಒಂದು ವಾರಕ್ಕೆ ಅಡುಗೆಯವರನ್ನು ಬಿಡಿಸಿದರು. "ಹೇಗೂ ಮನೆಯಲ್ಲೇ ಇರ್ತೀಯಲ್ಲ." ಎರಡನೇ ತಿಂಗಳು ಅತ್ತೆಯ ಮಂಡಿ ಆಪರೇಷನ್ ಇಟ್ಟುಕೊಂಡರು, ನನ್ನ ರಜೆ ನೋಡಿಯೇ. ಅವರ ತಪ್ಪಲ್ಲ, ಅವರಿಗೆ ನಿಜವಾಗಿಯೂ ನೋವಿತ್ತು. ಆದರೆ ಬೆಳಿಗ್ಗೆ ಐದೂವರೆಗೆ ಎದ್ದು ಎರಡು ಟಿಫನ್ ಡಬ್ಬಿ, ಅತ್ತೆಗೆ ಗಂಜಿ, ಫಿಸಿಯೋಥೆರಪಿ, ಮಧ್ಯಾಹ್ನ ಮಕ್ಕಳು. ಕೌಂಟರಿನಲ್ಲಾದರೂ ಊಟದ ಬಿಡುವು ಅಂತ ಇತ್ತು. ಐದು ತಿಂಗಳು ಹೀಗೇ ಹೋಯಿತು. ಕೊನೆಗೆ 19 ದಿನ ಒಬ್ಬಳೇ ತವರಿಗೆ, ಮೈಸೂರಿಗೆ ಹೋದೆ. ನಾನು ಚೇತರಿಸಿಕೊಂಡಿದ್ದು ಆ 19 ದಿನ. ಉಳಿದ 160 ದಿನದ ಸಂಬಳ ಸುಮ್ನೆ ಕಳೆದುಕೊಂಡೆ.

ಶಿರಸಿ ಮಾಣಿ:
ಅಕ್ಕಾ, ಬಡಿಸಿದ್ದು ಅಮ್ಮ. ಇಲ್ಲ ಅನ್ನಲ್ಲ. ಆದರೆ ನಾನು ಮೋಜಿಗೆ ಹೋಗಿದ್ದಲ್ಲ. ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಅದನ್ನು ಇಲ್ಲಿ ಬರೆಯುವುದು ಬೇಡ ಅಂದುಕೊಂಡಿದ್ದೆ, ನೀವು ಬರೆಸಿದಿರಿ.

ಎರಡು ಮಕ್ಕಳ ತಾಯಿ:
ನಾನೂ ಮಾತ್ರೆ ತೆಗೆದುಕೊಳ್ಳುತ್ತಿದ್ದೆ ತಮ್ಮಾ. ಒಲೆ ಮುಂದೆ ನಿಂತು.

ಮೇಷ್ಟ್ರು, ತುಮಕೂರು:
ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ನನ್ನದು ಸರ್ಕಾರಿ ಪ್ರೌಢಶಾಲೆ. ಮೇಷ್ಟ್ರಿಗೆ ಬೇಸಿಗೆ ರಜೆ ಇದೆಯಲ್ಲ ಅಂತ ಎಲ್ಲರೂ ಅನ್ನುತ್ತಾರೆ. ಅದಕ್ಕೇ ನಮಗೆ ಗಳಿಕೆ ರಜೆ ವರ್ಷಕ್ಕೆ ಹತ್ತೇ ದಿನ, ಬೇರೆ ಇಲಾಖೆಯವರಿಗೆ 30. ಅರ್ಧ ವೇತನ ರಜೆ ಮಾತ್ರ ವರ್ಷಕ್ಕೆ 20 ದಿನ ಜಮೆ ಆಗುತ್ತದೆ. 18 ವರ್ಷಕ್ಕೆ ನನ್ನ ಖಾತೆಯಲ್ಲಿ 360 ದಿನ ಇತ್ತು. ವೈದ್ಯರ ಸರ್ಟಿಫಿಕೇಟ್ ಕೊಟ್ಟು ಎರಡು ಅರ್ಧ ವೇತನದ ದಿನಕ್ಕೆ ಒಂದು ಪೂರ್ತಿ ಸಂಬಳದ ದಿನದಂತೆ 90 ದಿನ ಪರಿವರ್ತಿತ ರಜೆ ಹಾಕಿದೆ. ಪೂರ್ತಿ ಸಂಬಳ ಬಂತು, ಖಾತೆಯಿಂದ 180 ದಿನ ಕಳೆದರು.

ದುಡ್ಡು ಹೋಗಲಿಲ್ಲ, ಮರ್ಯಾದೆ ಹೋಯಿತು. ಸರ್ಟಿಫಿಕೇಟಿನಲ್ಲಿ ಮಾನಸಿಕ ವಿಭಾಗದ ಸೀಲು ಇತ್ತು. ಸ್ಟಾಫ್ ರೂಮಿನಲ್ಲಿ ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು.

ಇನ್ನೊಂದು ಹೇಳಬೇಕು. ವಾಪಸ್ ಹೋಗಿ ಎರಡೇ ವಾರಕ್ಕೆ ಮತ್ತೆ ಅದೇ ತಲೆಭಾರ. ಪಾಠ ನನಗೆ ಎಂದೂ ಭಾರ ಆಗಿದ್ದಿಲ್ಲ. ಭಾರ ಆಗಿದ್ದು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ. ಮನೆ ಮನೆ ತಿರುಗಿ ಮತದಾರರ ಪಟ್ಟಿ, ರಾತ್ರಿ ಆ್ಯಪಿಗೆ ತುಂಬಿಸುವುದು. ಅದರಿಂದ ಬಿಡಿಸಿ ಅಂತ ಮೂರು ಅರ್ಜಿ ಕೊಟ್ಟೆ. ಮೂರನೆಯದಕ್ಕೆ ಬಿಟ್ಟರು. ಆಮೇಲೇ ನಿದ್ದೆ ಬಂದಿದ್ದು.

ರಾತ್ರಿಪಾಳಿ:
ಸರ್ಕಾರಿಯವರಿಗೆ 90 ದಿನ ಪೂರ್ತಿ ಸಂಬಳ. ನಮ್ಮ ಕಷ್ಟಕ್ಕೆ ನೀವು ಉಪದೇಶ ಮಾಡಬೇಡಿ ಸಾರ್.

ಮೇಷ್ಟ್ರು, ತುಮಕೂರು:
ಉಪದೇಶ ಎಲ್ಲಿ ಮಾಡಿದೆ? ಆ 360 ದಿನ ಯಾರೂ ದಾನ ಕೊಟ್ಟಿದ್ದಲ್ಲ. ಜ್ವರ ಬಂದರೂ ರಜೆ ಹಾಕದೆ ಉಳಿಸಿದ್ದು.

ಲೆಕ್ಕದವನು:
ರಾತ್ರಿಪಾಳಿಯವರೇ, ಗ್ರ್ಯಾಚುಯಿಟಿ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿಯಲ್ಲ. 4 ವರ್ಷದ ಮೇಲೆ 240 ದಿನ ಕೆಲಸ ಮಾಡಿದ್ದರೂ ಸಿಗಬೇಕು ಅಂತ ಮದ್ರಾಸ್ ಹೈಕೋರ್ಟಿನ ತೀರ್ಪು ಇದೆ. ಪೂರ್ತಿ ಐದು ಬೇಕು ಅಂತ ಬರೆದು ಜನರನ್ನು ಹೆದರಿಸಬೇಡಿ.

ರಾತ್ರಿಪಾಳಿ:
ನನ್ನದು ನಾಲ್ಕರ ಮೇಲೆ ಐದು ತಿಂಗಳು ಅಂತ ಬರೆದಿದ್ದೇನೆ. ಐದು ತಿಂಗಳು ಅಂದರೆ 150 ದಿನ. 240 ಎಲ್ಲಿ ಆಯಿತು? ಬರೆದಿದ್ದನ್ನು ಓದಿ ಮಾತಾಡಿ. ಒಂದೂವರೆ ಲಕ್ಷ ಕಳೆದುಕೊಂಡವನು ನಾನು, ನೀವಲ್ಲ.

ಲೆಕ್ಕದವನು:
ಸರಿ, ತಿಂಗಳು ಗಮನಿಸಲಿಲ್ಲ, ಕ್ಷಮಿಸಿ. ಕೇಳಿದವರಿಗೆ ಒಂದು ಮಾತು: ಮಂಜೂರಾದ ರಜೆಯಿಂದ ಗ್ರ್ಯಾಚುಯಿಟಿಯ ಸರ್ವಿಸ್ ಮುರಿಯುವುದಿಲ್ಲ. ಆದರೆ ಸಂಬಳ ಇಲ್ಲದ ತಿಂಗಳಲ್ಲಿ ಪಿಎಫ್ ಕಟ್ಟುವುದಿಲ್ಲ.

ಕಾಲೇಜು ಮೇಡಂ:
ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಏಳು ವರ್ಷ ಸೇವೆ ಮಾಡಿದ ಪ್ರೊಫೆಸರ್‌ಗಳಿಗೆ ಅಧ್ಯಯನಕ್ಕೆ ಒಂದು ವರ್ಷದವರೆಗೆ ರಜೆ ಇದೆ. ನಾನು ತೆಗೆದುಕೊಂಡೆ. ಆ ವರ್ಷ ಒಂದು ಪುಸ್ತಕ ಮುಗಿಸಿದೆ. ಅದಕ್ಕೂ ಹಿಂದಿನ ಒಂಬತ್ತು ವರ್ಷದಲ್ಲಿ ಮುಗಿಯದೆ ಉಳಿದಿದ್ದದ್ದು ಅದು.

2010ರಲ್ಲಿ ಇಂಥ ರಜೆಯ ಮೇಲೆ ಒಂದು ಅಧ್ಯಯನ ಬಂದಿತ್ತು. ರಜೆಗೆ ಹೋದ 129 ಅಧ್ಯಾಪಕರು, ಹೋಗದ ಅಷ್ಟೇ ಜನ. ಹೋದವರ ನೆಮ್ಮದಿ ಹೆಚ್ಚಿತ್ತು. ಅವರಲ್ಲೂ ಕೆಲಸವನ್ನು ಮನಸ್ಸಿನಿಂದ ದೂರ ಇಟ್ಟವರಿಗೆ, ರಜೆಯ ದಿನಗಳು ತಮ್ಮ ಕೈಯಲ್ಲಿದ್ದವರಿಗೆ, ತಮ್ಮ ದೇಶ ಬಿಟ್ಟು ಹೊರಗೆ ಕಳೆದವರಿಗೆ ಲಾಭ ಜಾಸ್ತಿ.

ಎರಡು ಮಕ್ಕಳ ತಾಯಿ:
"ತಮ್ಮ ಕೈಯಲ್ಲಿದ್ದವರಿಗೆ." ಇದನ್ನೇ ಮೇಡಂ ನಾನು ಹೇಳಿದ್ದು.

ಸಾಗರದ ತೋಟದವನು:
ಮಾಣಿ, ಕೊಳೆ ಬಂದಿದ್ದಕ್ಕೆ ಮಳೆಯನ್ನು ಬೈಯಬೇಡಿ. ಬೋರ್ಡೋ, ಅದೇ ಮೈಲುತುತ್ತು-ಸುಣ್ಣದ ಮದ್ದು, ಮಳೆ ಹಿಡಿಯುವ ಮೊದಲೇ ಒಮ್ಮೆ ಹೊಡೆದಿರಬೇಕು. ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ. ರಜೆಗೆ ಬಂದವರ ಕೈಗೆ ತೋಟ ಕೊಟ್ಟರೆ ಹೀಗೇ.

ಶಿರಸಿ ಮಾಣಿ:
ನಾನು ಊರಿಗೆ ಕಾಲಿಟ್ಟಿದ್ದೇ ಜೂನ್ ಎಂಟಕ್ಕೆ, ಅಷ್ಟೊತ್ತಿಗೆ ಮಳೆ ಸುರಿಯುತ್ತಿತ್ತು. ಅಪ್ಪನಿಗೆ 71. ಅವರೊಬ್ಬರೇ ಕೊನೆಗೌಡರನ್ನು ಎಲ್ಲಿಂದ ಹುಡುಕಿ ತರಬೇಕಿತ್ತು? ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಅದು ನನಗೂ ಗೊತ್ತು.

ಸಾಗರದ ತೋಟದವನು:
ಹಾಗಾದರೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿಸಬಹುದಿತ್ತು.

ಶಿರಸಿ ಮಾಣಿ:
ಮರ ಹತ್ತುವವರೇ ಇಲ್ಲ ಅಂದರೆ ಕೊಟ್ಟೆ ಕಟ್ಟುವವರು ಯಾರು ಸ್ವಾಮಿ?

ಟೆಸ್ಟಿಂಗ್‌ನವನು:
ಎಲ್ಲವನ್ನೂ ಎರಡು ಸಲ ಓದಿದೆ, ಹೆಂಡತಿಗೂ ಓದಿಸಿದೆ. ಅಡುಗೆಯವರನ್ನು ಬಿಡಿಸುವುದಿಲ್ಲ ಅಂತ ಅವಳೇ ಹೇಳಿದಳು. ರಾಜೀನಾಮೆ ಬಿಟ್ಟೆ. ನಾಲ್ಕು ತಿಂಗಳ ರಜೆ ಕೇಳುತ್ತೇನೆ. ವಿಮೆ ಮುಂದುವರಿಯುತ್ತದೆ ಅಂತ ಲಿಖಿತವಾಗಿ ತೆಗೆದುಕೊಳ್ಳುತ್ತೇನೆ. ನಾಲ್ಕು ಕಂತಿಗೆ 1,52,000 ಬೇರೆ ಖಾತೆಯಲ್ಲಿ ಇಟ್ಟಾಯಿತು. ಮ್ಯಾನೇಜರ್ ಮಾತ್ರ "ಲ್ಯಾಪ್‌ಟಾಪ್ ನಿಮ್ಮ ಹತ್ತಿರವೇ ಇರಲಿ, ಏನಾದರೂ ತುರ್ತು ಬಂದರೆ" ಅನ್ನುತ್ತಿದ್ದಾರೆ. ಏನು ಮಾಡಲಿ?

ರಾತ್ರಿಪಾಳಿ:
ಕೊಟ್ಟು ಬನ್ನಿ. ಚಾರ್ಜರ್ ಸಮೇತ. ರಸೀದಿ ತೆಗೆದುಕೊಳ್ಳಿ.