ಸಹಾಯ ಬೇಕು: ಮಳೆಗಾಲಕ್ಕೆ ತಡೆಯೋ ಆಟದ ಹಿಟ್ಟು

ನಮಸ್ಕಾರ. ತೀರ್ಥಹಳ್ಳಿ ಕಡೆ ಜಡಿಮಳೆ, ಮಕ್ಕಳು ಅಂಗಳಕ್ಕೆ ಇಳಿಯೋ ಹಾಗಿಲ್ಲ. ಒಬ್ಬನಿಗೆ 8, ಒಬ್ಬಳಿಗೆ 4 ವರ್ಷ. ಬೆಳಿಗ್ಗೆ 10ರಿಂದ 11.30 ಆಫೀಸ್ ಮೀಟಿಂಗ್. ಅಷ್ಟು ಹೊತ್ತು ಮೊಬೈಲ್ ಕೊಡದೆ ದಾಟಬೇಕು.

ಅಳಗುಳಿಮಣೆ ಇದೆ. 14 ಗುಳಿ, ಗುಳಿಗೆ 5ರಂತೆ 70 ಹುಣಸೆಬೀಜ. ಟಕಟಕ ಸದ್ದು ಮೈಕಿಗೆ ಹೋಗದಿರಲಿ ಅಂತ ಗುಳಿಗಳಿಗೆ ಹಳೇ ಪಂಚೆ ತುಂಡು ಹಾಕಿದ್ದಾಯ್ತು. ಆದರೆ ಚಿಕ್ಕವಳು ಲೆಕ್ಕ ತಪ್ಪಿಸ್ತಾಳೆ, ಅಲ್ಲಿಗೆ ಜಗಳ.

ಅವಳಿಗೆ ಆಟದ ಹಿಟ್ಟೇ ಸರಿ: ಮೈದಾ 1 ಲೋಟ, ಉಪ್ಪು ಅರ್ಧ ಲೋಟ, ನೀರು 1 ಲೋಟ, ಎಣ್ಣೆ 1 ಚಮಚ, ನಿಂಬೆರಸ 2 ಚಮಚ. ಸಣ್ಣ ಉರಿಯಲ್ಲಿ ತಳ ಬಿಡೋವರೆಗೆ ಮಗುಚಿ, ಬೆಚ್ಚಗಿರುವಾಗಲೇ ನಾದೋದು. ಬೇಸಿಗೆಯಲ್ಲಿ ತಕರಾರಿಲ್ಲ. ಈಗ ಉಪ್ಪು ಥಂಡಿ ಎಳೆದು, ಮಾರನೇ ದಿನವೇ ನೀರು ಬಿಟ್ಟು ಬೆರಳಿಗೆ ಮೆತ್ತುತ್ತೆ. ಉಪ್ಪು ತಗ್ಗಿಸಿದರೆ ಬೂಷ್ಟು. ಮೈದಾ ಉದುರಿಸಿ ಮತ್ತೆ ನಾದಿದರೆ ಒಂದು ಗಂಟೆಯ ಭಾಗ್ಯ. ಫ್ರಿಜ್ ನೆಚ್ಚೋ ಹಾಗಿಲ್ಲ, ಕರೆಂಟ್ ಗೊತ್ತಲ್ಲ. ಇನ್ವರ್ಟರ್ ಲ್ಯಾಪ್‌ಟಾಪಿಗೇ ಸಾಲದು.

ಥಂಡಿ ತಡೆಯೋ ಅಳತೆ ಯಾರಿಗಾದರೂ ಗೊತ್ತಾ? ಅಕ್ಕಿಹಿಟ್ಟು ಬೆರೆಸಿದರೆ ಬಿರುಕು ಬಿಡುತ್ತಾ? ನಾಲ್ಕು ವರ್ಷದವರು ಒಬ್ಬರೇ ಅರ್ಧ ಗಂಟೆ ಕೂರೋ ಬೇರೆ ಆಟವಿದ್ದರೂ ಬರೀರಿ. ಗುಲಗಂಜಿ ಮಾತ್ರ ಬೇಡ, ಅಗಿದು ನುಂಗಿದರೆ ವಿಷ.