ಮಗಳ ಮಂಡಿ ನೋವು: ಭರತನಾಟ್ಯ ಕಲಿತವರು ಹೇಳಿ

ಮಂಡ್ಯದ ಅಮ್ಮ: ಮಗಳಿಗೆ 12 ವರ್ಷ. ಭರತನಾಟ್ಯದ ಜೂನಿಯರ್ ಪರೀಕ್ಷೆ ಪಾಸಾಗಿದೆ, ಸೀನಿಯರ್‌ಗೆ ತಯಾರಿ ನಡೆದಿದೆ. ಎರಡು ತಿಂಗಳಿಂದ ಅರೆಮಂಡಿ (ಮಂಡಿ ಹೊರಗೆ ಬಾಗಿಸಿ ಅರ್ಧ ಕೂರುವ ಭಂಗಿ) ಕೂತರೆ ಮಂಡಿ ಚಿಪ್ಪಿನ ಕೆಳಗೆ ನೋವು ಅನ್ನುತ್ತಾಳೆ. ಕ್ಲಾಸು ಬಿಡಿಸಬೇಕಾ? ದೊಡ್ಡವಳಾದ ಮೇಲೂ ಏನಾದರೂ ಉಳಿಯುತ್ತದಾ?

ಹಳೇ ಗೆಜ್ಜೆ, ಸರಸ್ವತಿಪುರಂ: ಉಳಿಯುತ್ತದೆ. ನನಗೀಗ 41. ಏಳಕ್ಕೆ ಶುರು ಮಾಡಿ 24ಕ್ಕೆ ಬಿಟ್ಟೆ. ಎರಡೂ ಮಂಡಿ ಕೆಳಗೆ ಗೋಲಿಯಷ್ಟು ಗಂಟು ಇದೆ. ಬೆಳೆಯುವ ವಯಸ್ಸಲ್ಲಿ ತೊಡೆಯ ಸ್ನಾಯು ಮಂಡಿ ಕೆಳಗಿನ ಮೂಳೆಯನ್ನು ಎಳೆದೆಳೆದು ಹಾಗಾಗುವುದು. ಆಸ್‌ಗುಡ್ ಶ್ಲಾಟರ್ ಅನ್ನುತ್ತಾರೆ. ನೋವು ಹದಿನಾರಕ್ಕೆ ಹೋಯಿತು, ಗಂಟು ಹೋಗಲಿಲ್ಲ. ದೇವರ ಮುಂದೆ ಮಂಡಿಯೂರಲು ಇವತ್ತಿಗೂ ಆಗುವುದಿಲ್ಲ. ಕಲಿತದ್ದು ಗ್ರಾನೈಟ್ ನೆಲದ ಮೇಲೆ, ದಿನಾ ಮೂರು ವೇಗದಲ್ಲಿ ತಟ್ಟಡವು, ಅಂದರೆ ಅರೆಮಂಡಿಯಲ್ಲೇ ಪಾದ ನೆಲಕ್ಕೆ ತಟ್ಟುವುದು. ಹೋದ ವರ್ಷದ ಲೆಕ್ಕ ಕೇಳಿ: ಎಂಆರ್‌ಐ 7,200. ಫಿಸಿಯೋ 450ರಂತೆ 22 ಸಲ, 9,900. ಮಂಡಿ ಪಟ್ಟಿ 1,150. ಸೈಜ್ ತಪ್ಪಿತು, ವಾಪಸ್ ತಗೊಳ್ಳಲಿಲ್ಲ, ಇನ್ನೊಂದು 1,150. ಮೊದಲನೆಯದು ಬೀರುವಿನಲ್ಲಿ ಹಾಗೇ ಇದೆ.

ತಟ್ಟುಕೋಲು, ಕುವೆಂಪುನಗರ: ನೆಲವನ್ನು ಬೈಯುವುದು ಸುಲಭ. 20 ವರ್ಷದಿಂದ ಕಲಿಸುತ್ತಿದ್ದೇನೆ. ಕಾಲು ಹೊರಗೆ ತಿರುಗಬೇಕಾದ್ದು ಸೊಂಟದ ಕೀಲಿನಿಂದ. ಮಕ್ಕಳು ಬರೀ ಪಾದ ತಿರುಗಿಸುತ್ತಾರೆ, ತಿರುಚು ಮಂಡಿಗೆ ಬೀಳುತ್ತದೆ. ನನ್ನ ರಂಗಪ್ರವೇಶಕ್ಕೆ ಹನ್ನೊಂದು ದಿನ ಇರುವಾಗ ಪಾದದ ಎರಡನೇ ಉದ್ದ ಮೂಳೆ ಬಿರುಕು ಬಿಟ್ಟಿತ್ತು. ಟೇಪ್ ಸುತ್ತಿಕೊಂಡು ವರ್ಣ, ಅಂದರೆ ಕಾರ್ಯಕ್ರಮದ ಅತಿ ಉದ್ದದ ನೃತ್ಯ, ಪೂರ್ತಿ ಮಾಡಿದೆ. ಸಭೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಆಷಾಢದ ಥಂಡಿಗೆ ಈಗಲೂ ಅಲ್ಲೇ ಜುಮ್ಮೆನ್ನುತ್ತದೆ. ಆದರೂ ಕುಣಿಯುತ್ತಿದ್ದೇನೆ.

ಹಳೇ ಗೆಜ್ಜೆ: ಬಿರುಕು ಬಿಟ್ಟ ಮೂಳೆಯಲ್ಲಿ ಕುಣಿದದ್ದು ಹೆಮ್ಮೆಯಾ? ನಿಮ್ಮಂಥ ಟೀಚರ್ ಮುಂದೆ ಯಾವ ಮಗು ನೋವು ಅಂತ ಬಾಯಿ ಬಿಡುತ್ತದೆ?

ತಟ್ಟುಕೋಲು: 24ಕ್ಕೆ ಬಿಟ್ಟವರ ಹತ್ತಿರ ನಾನು ಪಾಠ ಹೇಳಿಸಿಕೊಳ್ಳಬೇಕಾ?

ಒಂಟಿಕೊಪ್ಪಲಿನ ತಾಯಿ: ಮಂಡಿ ಬಿಡಿ, ನನ್ನ ಮಗಳಿಗೆ ಹೋದದ್ದು ಬೆನ್ನು. ಅರೆಮಂಡಿ ಕೂರುವಾಗ ಹಿಂಭಾಗ ಹೊರಗೆ ತಳ್ಳುವ ಅಭ್ಯಾಸ ಇತ್ತು. ಯಾರೂ ತಿದ್ದಲಿಲ್ಲ. ಈಗ ಬೆಂಗಳೂರಲ್ಲಿ ಕೆಲಸ, ಅರ್ಧ ಗಂಟೆಗಿಂತ ಜಾಸ್ತಿ ಕುರ್ಚಿಯಲ್ಲಿ ಕೂರಲು ಆಗದು. ರಂಗಪ್ರವೇಶಕ್ಕೆ 3,80,000 ಆಯಿತು. ಮೇಳದವರಿಗೆ (ಹಾಡು, ವಾದ್ಯದವರಿಗೆ) 85,000, ಸೀರೆ ಹೊಲಿಗೆ 32,000, ಊಟ ಎಲೆಗೆ 260ರಂತೆ 350 ಜನಕ್ಕೆ. ಬಂದದ್ದು 190. ಉಳಿದ ಹೋಳಿಗೆ ಮೂರು ದಿನ ಬೀದಿಗೆಲ್ಲಾ ಹಂಚಿದೆವು. ಆಮೇಲೆ ಅವಳು ಗೆಜ್ಜೆ ಕಟ್ಟಲೇ ಇಲ್ಲ.

ಪದ ಪ್ರಿಯ: ಇದಕ್ಕೆಲ್ಲ ಕಾರಣ ಈ ಜತಿಯ, ಅಂದರೆ ತಾಳಕ್ಕೆ ಕಾಲು ತಟ್ಟುವ ಕುಣಿತದ ಹುಚ್ಚು. ನಮ್ಮ ಮೈಸೂರು ಶೈಲಿಯಲ್ಲಿ ಅಭಿನಯಕ್ಕೆ ಬೆಲೆ ಇತ್ತು. ಮೈಸೂರು ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರ ಶಿಷ್ಯೆ ವೆಂಕಟಲಕ್ಷಮ್ಮನವರನ್ನು ನೋಡಿ. 1906ರಲ್ಲಿ ಹುಟ್ಟಿ 2002ರವರೆಗೆ ಇದ್ದರು. ಪದ್ಮಭೂಷಣ ಬಂದದ್ದು 1992ರಲ್ಲಿ.

ತಟ್ಟುಕೋಲು: ಅಷ್ಟು ವರ್ಷ ಬದುಕಿದ್ದಕ್ಕೂ ಮಂಡಿಗೂ ಏನು ಸಂಬಂಧ ಸ್ವಾಮಿ? ಅಭಿನಯ ಅಂದರೆ ಸುಮ್ನೆ ನಿಂತು ಕಣ್ಣು ತಿರುಗಿಸುವುದು ಅಂದುಕೊಂಡಿರಾ?

ಪದ ಪ್ರಿಯ: ನಾನು ಹಾಗೆ ಹೇಳಲೇ ಇಲ್ಲ. ಓದಿ ಬರೆಯಿರಿ.

ಒಂಟಿಕೊಪ್ಪಲಿನ ತಾಯಿ: ಮೇಳದವರಿಗೆ 85,000 ಜಾಸ್ತಿ ಆಯಿತಾ? ಈಗ ಎಷ್ಟು ನಡೆಯುತ್ತಿದೆ?

ತಟ್ಟುಕೋಲು: ವಯಲಿನ್, ಕೊಳಲು ಎರಡೂ ಇದ್ದರೆ ಜಾಸ್ತಿ ಅಲ್ಲ.

ಹಳೇ ಗೆಜ್ಜೆ: ಜಾಸ್ತಿಯೇ. ಟೀಚರ್ ಪಾಲು ಅದರಲ್ಲೇ ಇರುತ್ತದೆ.

ತಟ್ಟುಕೋಲು: ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಾನು ಒಂದು ರೂಪಾಯಿ ಮುಟ್ಟಿಲ್ಲ.

ಮಂಡ್ಯದ ಅಮ್ಮ: ಈಗ ಅವಳ ಕಾಲು ಮುಟ್ಟಿ ನೋಡಿದೆ. ಎಡಗಾಲಿಗೆ ಸಣ್ಣ ಗಂಟು ಇದೆ. ಸೋಮವಾರ ಮೂಳೆ ಡಾಕ್ಟರಿಗೆ ತೋರಿಸುತ್ತೇವೆ. ಅಲ್ಲಿಯವರೆಗೆ ಕ್ಲಾಸಿಗೆ ಕಳಿಸಬಹುದಾ?

ಹಳೇ ಗೆಜ್ಜೆ: ಎಡಗಾಲಾ? ನನಗೂ ಮೊದಲು ಎಡಗಾಲೇ. ಮಂಡಿ ಪಟ್ಟಿ ಬರೆದುಕೊಟ್ಟರೆ ಅಳತೆ ಕೊಟ್ಟು ತಗೊಳ್ಳಿ. ನನ್ನದು ಎಲ್ ಸೈಜ್ ಹೊಸದೇ ಇದೆ. ಬೇಕಿದ್ದರೆ 600ಕ್ಕೆ ಕೊಡುತ್ತೇನೆ.