ಅಪ್‌ಡೇಟ್: ಲಕೋಟೆ ಮೇಲೆ ಬಾರ್‌ಕೋಡ್, ಕೊನೆಗೆ ಹಾಕಲೇ ಇಲ್ಲ

ಹೋದ ವಾರ ಕೇಳಿದ್ದೆನಲ್ಲ, ಇಲ್ಲಿ ಅಮೆರಿಕದಲ್ಲಿ ನಮ್ಮ ಯುಗಾದಿ ಕಾರ್ಯಕ್ರಮದ ಆಹ್ವಾನಕ್ಕೆ ವರ್ಡ್‌ನಲ್ಲಿ 80 ಲಕೋಟೆ ಪ್ರಿಂಟ್ ಮಾಡಬೇಕು, ವಿಳಾಸದ ಜೊತೆ ಅಂಚೆ ಬಾರ್‌ಕೋಡ್ ಬರಿಸೋದು ಹೇಗೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಬಾರ್‌ಕೋಡ್ ಸೇರಿಸೋಕೆ ಅಂತ ನಾನು ವರ್ಡ್‌ನಲ್ಲಿ ಹುಡುಕುತ್ತಿದ್ದ ಟಿಕ್ ಬಾಕ್ಸ್ ಹಳೇ ವರ್ಡ್‌ನದು. ಅದು ಹಾಕುತ್ತಿದ್ದದ್ದು ಪೋಸ್ಟ್‌ನೆಟ್, ಅಂದರೆ ಉದ್ದ ಗಿಡ್ಡ ಗೆರೆಗಳ ಬಾರ್‌ಕೋಡ್. 2013ರ ಜನವರಿಯಿಂದ ಅದನ್ನು ಹಾಕಿದರೆ ಅಂಚೆ ದರದಲ್ಲಿ ರಿಯಾಯಿತಿ ಇಲ್ಲ, ಈಗ 65 ಗೆರೆಗಳ ಇಂಟೆಲಿಜೆಂಟ್ ಮೇಲ್ ಬಾರ್‌ಕೋಡ್ ಬೇಕು. ಬಾರ್‌ಕೋಡ್ ಹಾಕೋಕೆ ಈಗ ವರ್ಡ್‌ನಲ್ಲಿರೋ ಡಿಸ್‌ಪ್ಲೇ‌ಬಾರ್‌ಕೋಡ್ ಫೀಲ್ಡ್‌ನಲ್ಲಿ ಕ್ಯೂಆರ್ ಇದೆ, ಜಪಾನ್ ಅಂಚೆಯದೂ ಇದೆ, ಇದು ಮಾತ್ರ ಇಲ್ಲ!

ಅದಿರಲಿ, ಫಸ್ಟ್ ಕ್ಲಾಸ್ (ಮಾಮೂಲಿ ಪತ್ರಗಳ) ಅಂಚೆಯಲ್ಲಿ ಆ ರಿಯಾಯಿತಿ ಸಿಗೋಕೆ ಒಂದೇ ಸಲಕ್ಕೆ ಕನಿಷ್ಠ 500 ಪತ್ರ ಬೇಕು. ನನ್ನದು 80. ಮಾಮೂಲಿ ಸ್ಟಾಂಪ್ ಹಚ್ಚಿದರೆ ಅಂಚೆಯವರ ಯಂತ್ರವೇ ವಿಳಾಸ ಓದಿ ಬಾರ್‌ಕೋಡ್ ಒತ್ತುತ್ತದೆ. ಎರಡು ದಿನ ಸುಮ್ನೆ ತಲೆ ಕೆಡಿಸಿಕೊಂಡೆ.

ಈಗ ಮಾಡಿದ್ದು ಇಷ್ಟೇ: ನಂಬರ್ 10 ಲಕೋಟೆ, ಎಕ್ಸೆಲ್ ಪಟ್ಟಿಯಿಂದ ಮೇಲ್ ಮರ್ಜ್ (ಪಟ್ಟಿಯ ವಿಳಾಸಗಳನ್ನು ಒಂದೊಂದಾಗಿ ಲಕೋಟೆಗೆ ತುಂಬೋದು), ಕೆಳಗೆ ಬಲಮೂಲೆಯಲ್ಲಿ ನಾಲ್ಕೂ ಮುಕ್ಕಾಲು ಇಂಚು ಅಗಲ, 5/8 ಇಂಚು ಎತ್ತರದ ಜಾಗ ಆ ಯಂತ್ರದ ಬಾರ್‌ಕೋಡ್‌ಗೆ ಅಂತ ಪೂರ್ತಿ ಖಾಲಿ. ಅಲ್ಲಿ ನಾನು ಇಟ್ಟಿದ್ದ ಮಾವಿನ ತೋರಣದ ಚಿತ್ರ ಎಡಕ್ಕೆ ಹೋಯಿತು. ಪ್ರಿಂಟರ್‌ಗೆ ಲಕೋಟೆ ತಿರುಗಾಮುರುಗಾ ಇಟ್ಟು ಆರು ಹಾಳಾದವು, ಅದು ಬೇರೆ ಮಾತು. ಉಳಿದವು ನಿನ್ನೆ ಅಂಚೆ ಡಬ್ಬಿಗೆ ಬಿದ್ದಿವೆ.